ಹಿಂದೆ ಎಲ್ಲ ಸರಿ

ಕಿಟಕಿಯ ಪರದೆ ಎಳೆದಿದ್ದೀರಲ್ಲ? ಇಲ್ಲವಾದರೆ ಎಳೆಯಿರಿ. ಯುದ್ಧ ಮುಗಿದು ಎಷ್ಟೋ ವರ್ಷವಾಯಿತು, ಬೆಳಕು ಹೊರಗೆ ಬಿದ್ದರೆ ಈಗ ಯಾರೂ ಗದರುವುದಿಲ್ಲ. ಆದರೂ ಈ ಕತೆ ಹೇಳುವಾಗ ನನಗೆ ಕಿಟಕಿ ತೆರೆದಿರಬಾರದು. ಕತೆ ಅಂದೆನಾ? ಬಾಯಿ ತಪ್ಪಿ ಬಂತು. ಇದು ನಡೆದದ್ದು. ನಮ್ಮ ಚಿಕ್ಕಮ್ಮನ ಮಗಳು ಎನಿಡ್‌ಗೆ, ಇದೇ ಸ್ಕಾರ್ತ್‌ಬಿಯಲ್ಲಿ, ನಮ್ಮ ಹುಡುಗರು ಜರ್ಮನಿಯ ಕೀಲ್ ಬಂದರಿನ ಮೇಲೆ ಬಾಂಬು ಹಾಕಲು ಹೋದ ರಾತ್ರಿ.

ಆಗಸ್ಟ್ ತಿಂಗಳು. ಸೆಖೆ ಅಂದರೆ ಸೆಖೆ. ಬಾರ್ಲಿ ಕೊಯ್ಲು ಅರ್ಧ ಮುಗಿದಿತ್ತು. ಎನಿಡ್ ವಿಮಾನದಾಣದ ಅಡುಗೆಮನೆಯಲ್ಲಿ ಕೆಲಸಕ್ಕಿದ್ದಳು, ವಾಯುಪಡೆಯ ಸಮವಸ್ತ್ರದ ಹುಡುಗಿ. ಹೊರಡುವ ಹುಡುಗರಿಗೆಲ್ಲ ಮೊಟ್ಟೆ ಕರಿದು ಬಡಿಸಿ, ಬಾಣಲೆಗಳ ಜಿಡ್ಡು ತಿಕ್ಕಿ ತೊಳೆದು, ನಡುರಾತ್ರಿ ಕಳೆದ ಮೇಲೆ ತನ್ನ ಬ್ಯಾರಕ್ಕಿಗೆ ಹೊರಟಳು. ಹುಡುಗಿಯರ ಬ್ಯಾರಕ್ ಊರಾಚೆ. ನಮ್ಮ ಹೊಲದ ಪಕ್ಕದ ಓಣಿಯಲ್ಲೇ ಹೋಗಬೇಕು. ಓಣಿಯ ತಿರುವಿನಲ್ಲಿ ದೊಡ್ಡ ಎಲ್ಮ್ ಮರ. ಮರದ ಕೆಳಗೆ ನಮ್ಮ ಬಾವಿ.

ದೀಪ ಇಲ್ಲ. ಟಾರ್ಚ್ ಹಚ್ಚುವ ಹಾಗಿಲ್ಲ. ವಿಮಾನಗಳು ಹೋಗಿ ಎಷ್ಟೋ ಹೊತ್ತಾಗಿತ್ತು. ಅಷ್ಟು ದೊಡ್ಡ ಸದ್ದು ಹೋದ ಮೇಲೆ ಉಳಿಯುವ ಮೌನ ಇದೆಯಲ್ಲ... ಕಿವಿಗೆ ಹತ್ತಿ ತುರುಕಿದ ಹಾಗಿರುತ್ತದೆ. ಅವಳ ಶೂಗಳ ಟಕ್ ಟಕ್ ಒಂದೇ ಕೇಳುತ್ತಿತ್ತು.

ಹುಡುಗಿ ಆ ಹೊತ್ತಿನಲ್ಲಿ ಒಬ್ಬಳೇ ಯಾಕೆ ಅಂತೀರಾ? ಅವಳ ಜೊತೆ ಯಾರೂ ನಡೆಯುತ್ತಿರಲಿಲ್ಲ. ಅವಳ ಕಾಲ್ಗುಣ ಸರಿ ಇಲ್ಲ ಅಂತ ಇಡೀ ವಿಮಾನದಾಣ ಮಾತಾಡಿಕೊಳ್ಳುತ್ತಿತ್ತು. ಚಳಿಗಾಲದಲ್ಲಿ ಒಬ್ಬ ಹುಡುಗನ ಜೊತೆ ಸಿನಿಮಾಕ್ಕೆ ಹೋಗಿದ್ದಳು. ಅವನು ಮುಂದಿನ ವಾರ ಹೋದವನು ಬರಲಿಲ್ಲ. ಆಮೇಲೆ ಇನ್ನೊಬ್ಬ. ಅವನ ಜೊತೆ ಕುಣಿದದ್ದು ಎರಡೇ ಹಾಡಿಗೆ... ಅವನೂ ಬರಲಿಲ್ಲ. ಅಷ್ಟೇ, ಮುದ್ರೆ ಬಿತ್ತು. ದಿನಾ ಯಾರಾದರೂ ಸಾಯುತ್ತಿದ್ದ ಜಾಗದಲ್ಲಿ ಇದೇನು ಹೆಚ್ಚಲ್ಲ. ಆದರೆ ಹೆದರಿದ ಗಂಡಸರ ಹತ್ತಿರ ಲೆಕ್ಕ ಮಾತಾಡಿ ಪ್ರಯೋಜನವಿಲ್ಲ. ಅವಳು ತಟ್ಟೆ ಚಾಚಿದರೆ ಕೈ ಹಿಂದೆಳೆದುಕೊಂಡು, ಪಕ್ಕದಲ್ಲಿ ಬಡಿಸುವವಳಿಗೆ "ಮಾಬೆಲ್, ನೀನೇ ಕೊಡಮ್ಮ" ಅನ್ನುತ್ತಿದ್ದರು. ಅವಳ ಎದುರಿಗೇ. ನೆನೆಸಿಕೊಂಡರೆ ನನಗೆ ಇವತ್ತಿಗೂ ಮೈ ಉರಿಯುತ್ತದೆ.

ಹೆದರದವನು ಒಬ್ಬನೇ, ಕ್ಲೆಮ್. ಗ್ರಿಮ್ಸ್‌ಬಿ ಬಂದರಿನ ಮೀನುಗಾರರ ಮನೆಯ ಹುಡುಗ. ಲ್ಯಾಂಕಾಸ್ಟರ್ ವಿಮಾನದ ಬಾಲದ ತುದಿಯಲ್ಲಿ, ಗಾಜಿನ ಗೂಡಿನೊಳಗೆ ಒಬ್ಬನೇ ಕೂರುವ ಹಿಂದಿನ ಬಂದೂಕಿನವನು. "ನಂಗೇನಾಗುತ್ತೆ ಬಿಡೇ, ಸಾವು ಎದುರಿಂದ ಬರುತ್ತೆ, ನಾನು ಕೂರೋದು ಹಿಂದೆ" ಅಂತ ನಗುತ್ತಿದ್ದ. ಅವಳ ಕೈಯಿಂದಲೇ ತಟ್ಟೆ ಇಸಿದುಕೊಳ್ಳುತ್ತಿದ್ದ. ಬೆರಳು ತಾಗುವ ಹಾಗೆ, ಬೇಕಂತಲೇ.

ಇವರಿಗೆ ಮೂವತ್ತು ಸಲ ಹೋಗಿ ಬಂದರೆ ಬಿಡುಗಡೆ. ಕ್ಲೆಮ್‌ನ ತಂಡಕ್ಕೆ ಕೀಲ್ ಮೂವತ್ತನೆಯದು. ಕೊನೆಯದು ಹತ್ತಿರ ಬಂದಾಗ ವಿಮಾನ ನಡೆಸುವ ಹ್ಯಾಡ್ಲಿ ಅಡುಗೆಮನೆಯ ಹಿಂಬಾಗಿಲಿಗೆ ಬಂದಿದ್ದ. ಇಪ್ಪತ್ತೆರಡರ ಹುಡುಗ, ಮುಖ ನೋಡಿದರೆ ನಲವತ್ತು.

"ನೋಡು ಎನಿಡ್, ನಿನ್ನ ಮೇಲೆ ನಂಗೇನೂ ಸಿಟ್ಟಿಲ್ಲ. ಆದ್ರೆ ಇದು ಮುಗಿಯೋ ತನಕ ಕ್ಲೆಮ್ ಕಣ್ಣಿಗೆ ಬೀಳಬೇಡ. ನಾವು ಏಳು ಜನ ಇದೀವಿ ಆ ವಿಮಾನದಲ್ಲಿ."

"ನೀವೂ ನಂಬ್ತೀರಾ ಸಾರ್?"

"ನಂಬಲ್ಲ. ಆದ್ರೂ ಬೇಡ."

ಎನಿಡ್ ಒಪ್ಪಿದಳು. ಯಾಕೆ ಗೊತ್ತೇ? ಅವಳಿಗೇ ತನ್ನ ಮೇಲೆ ಅನುಮಾನ ಬಂದಿತ್ತು. ಕೀಲ್‌ಗೆ ಹೊರಡುವ ಸಂಜೆ ಕ್ಲೆಮ್ ಊಟಕ್ಕೆ ಬಂದಾಗ ಅವಳು ಉಗ್ರಾಣದಲ್ಲಿ ಆಲೂಗಡ್ಡೆ ಮೂಟೆಗಳ ಹಿಂದೆ ಅಡಗಿ ಕೂತಿದ್ದಳು. ಅವನು "ಎನಿಡ್ ಎಲ್ಲೇ ಮಾಬೆಲ್?" ಅಂತ ಕೇಳಿದ್ದು ಕೇಳಿಸಿತು. ಹೊರಗೆ ಬರಲಿಲ್ಲ.

ಇದನ್ನೆಲ್ಲ ತಲೆಯಲ್ಲಿ ಇಟ್ಟುಕೊಂಡೇ ಅವಳು ಎಲ್ಮ್ ಮರದ ಹತ್ತಿರ ಬಂದಳು.

ಕಿರ್ರ್...

ಬಾವಿಯ ರಾಟೆ. ಗಾಳಿ ಇರಲಿಲ್ಲ.

ಎನಿಡ್ ನಿಂತಳು. ಬಾವಿಕಟ್ಟೆಯ ಮೇಲೆ ಯಾರೋ ಕೂತಿದ್ದರು. ದಪ್ಪ ಕೋಟು, ಮೊಣಕಾಲಿನ ತನಕ ಬೂಟು. ಆ ಸೆಖೆಯಲ್ಲಿ! ಕಡಲಿಗೆ ಬೆನ್ನು ಹಾಕಿ, ಊರಿನ ಕಡೆ ಮುಖ ಮಾಡಿ ಕೂತಿದ್ದ.

"ಯಾರದು?"

"ಮೆಲ್ಲಗೆ ಮಾತಾಡೇ. ನಾನೇ."

ಕ್ಲೆಮ್.

ಇವನ ವಿಮಾನ ಕತ್ತಲಾಗುವ ಹೊತ್ತಿಗೆ ಏರಿದ್ದನ್ನು ಅವಳು ಅಡುಗೆಮನೆಯ ಕಿಟಕಿಯಿಂದ ನೋಡಿದ್ದಳು. ಕೆಟ್ಟು ವಾಪಸು ಬಂದಿದ್ದರೆ ಇಳಿದ ಸದ್ದು ಕೇಳಬೇಕಿತ್ತು. ಕೇಳಿರಲಿಲ್ಲ. ಅಂದರೆ... ಇವನು ಹತ್ತಲೇ ಇಲ್ಲ. ಕತ್ತಲಲ್ಲಿ ಎಲ್ಲೋ ಜಾರಿಕೊಂಡು, ಬಾರ್ಲಿ ಹೊಲದಲ್ಲಿ ಅವಿತಿದ್ದು ಈಗ ಎದ್ದು ಬಂದಿದ್ದಾನೆ. ಓಡಿ ಬಂದವನು.

ಓಡಿ ಬಂದವನಿಗೆ ಆಗ ಏನು ಮಾಡುತ್ತಿದ್ದರು ಅಂತ ನಿಮಗೆ ಗೊತ್ತಿಲ್ಲ. ಎಲ್ಲರ ಮುಂದೆ ಎದೆಯ ಮೇಲಿನ ಪಟ್ಟಿ ಕಿತ್ತು, ಹೇಡಿ ಅಂತ ಮುದ್ರೆ ಒತ್ತಿ, ಕಕ್ಕಸು ತೊಳೆಯಲು ಹಾಕುತ್ತಿದ್ದರು. ಅವನ ತಾಯಿ ಊರಲ್ಲಿ ತಲೆ ಎತ್ತಿ ನಡೆಯುವ ಹಾಗಿರಲಿಲ್ಲ.

"ಕ್ಲೆಮ್, ಏನು ಮಾಡ್ಕೊಂಡೆ ನೀನು?" ಅಂದಳು ಪಿಸುದನಿಯಲ್ಲಿ. "ಇಪ್ಪತ್ತೊಂಬತ್ತು ಸಲ ಹೋಗಿ ಬಂದವನಿಗೆ ಇದೊಂದು ಆಗಲಿಲ್ವಾ?"

ಅವನು ತಲೆ ಓರೆ ಮಾಡಿ, ಯಾರೋ ಕರೆದದ್ದನ್ನು ಕೇಳಿಸಿಕೊಳ್ಳುವ ಹಾಗೆ ಕಿವಿಗೊಟ್ಟ. ಆಮೇಲೆ ಕತ್ತಲಿಗೆ ಹೇಳಿದ.

"ಹಿಂದೆ ಎಲ್ಲ ಸರಿ, ಸ್ಕಿಪ್ಪರ್."

ಎನಿಡ್‌ಗೆ ಆ ಮಾತು ಗೊತ್ತಿತ್ತು. ವಿಮಾನದಲ್ಲಿ ಹೆಸರು ಹಿಡಿದು ಕರೆಯುವುದಿಲ್ಲ. ಆಗಾಗ ನಡೆಸುವವನು, ಅವನೇ ಸ್ಕಿಪ್ಪರ್, ಒಬ್ಬೊಬ್ಬರ ಜಾಗ ಹೇಳಿ ಕೇಳುತ್ತಾನೆ, ಅವರು ಓಗೊಡಬೇಕು. ಓಗೊಡದಿದ್ದರೆ ಏನೋ ಆಗಿದೆ ಅಂತ ಅರ್ಥ. ಆದರೆ ಬಾವಿಕಟ್ಟೆಯ ಮೇಲೆ ಕೂತು ಯಾರಿಗೆ ಓಗೊಡುವುದು?

"ಕುಡಿದಿದ್ದೀಯಾ?" ಹತ್ತಿರ ಹೋಗಿ ಮೂಸಿದಳು. ಹೆಂಡದ ವಾಸನೆ ಇರಲಿಲ್ಲ. ರಬ್ಬರಿನ ವಾಸನೆ... ಮತ್ತೆ ಚಳಿ. ಅವನ ಮೈಯಿಂದ ಚಳಿ ಬರುತ್ತಿತ್ತು.

"ಕೂತ್ಕೋ ಎನಿಡ್. ಒಬ್ಬನೇ ಆದ್ರೆ ನಂಗೆ ಅವರ ದನಿ ಸರಿಯಾಗಿ ಕೇಳಲ್ಲ."

"ಯಾರ ದನಿ?"

"ಬಂದರು ಕಾಣ್ತಿದೆ ನೋಡು," ಅಂದ. ಅವನ ಕಣ್ಣು ನಮ್ಮ ದನದ ಕೊಟ್ಟಿಗೆಯ ಮೇಲಿತ್ತು. "ದೀಪದ ಕೋಲುಗಳು ಆಕಾಶನೆಲ್ಲ ತಡಕಾಡ್ತಿವೆ. ಕೆಳಗೆ ಹಡಗುಕಟ್ಟೆ ಪೂರ್ತಿ ಹತ್ಕೊಂಡಿದೆ. ಡಾಂಬರು ಸುಡೋ ವಾಸನೆ... ನಮ್ಮೂರ ಕಟ್ಟೆಯಲ್ಲೂ ಇದೇ ವಾಸನೆ ಕಣೇ. ಅಲ್ಲೂ ಹೆಂಗಸರು ಬಕೆಟ್ ಹಿಡ್ಕೊಂಡು ಓಡ್ತಿರ್ತಾರೆ. ನಮ್ಮಮ್ಮನ ಥರದೋರು."

ಇವನಿಗೆ ತಲೆ ಕೆಟ್ಟಿದೆ ಅಂದುಕೊಂಡಳು ಎನಿಡ್. ಆಗಲೇ ಇನ್ನೊಂದು ಹೊಳೆಯಿತು. ಇವನು ಇಲ್ಲಿದ್ದರೆ ಅಲ್ಲಿ ಆ ಗೂಡು ಖಾಲಿ. ಹಿಂದೆ ಕಣ್ಣಿಲ್ಲದ ವಿಮಾನದಲ್ಲಿ ಆರು ಜನ. ಜರ್ಮನ್ನರ ಬೇಟೆ ವಿಮಾನ ಬರುವುದೇ ಹಿಂದಿನಿಂದ. ಕಾವಲುಮನೆಗೆ ಓಡಿ ಹೇಳಿದರೆ ಹೇಗಾದರೂ ಅವರಿಗೆ ಸುದ್ದಿ ಮುಟ್ಟಿಸಿಯಾರು. ಹೇಳಿದರೆ ಕ್ಲೆಮ್ ಮುಗಿದ. ಹೇಳದಿದ್ದರೆ ಆ ಆರು ಜನ... ಅವಳ ಕಾಲ್ಗುಣ ಅಂತಾರಲ್ಲ, ಈ ಸಲ ಅದು ನಿಜವಾಗುತ್ತದೆ.

"ನಾನು ಹೋಗಿ ಹೇಳ್ತೀನಿ ಕ್ಲೆಮ್. ಕ್ಷಮಿಸು. ಆರು ಜನ ಇದಾರೆ ಅಲ್ಲಿ."

"ಅದಕ್ಕೇ ಕೂತ್ಕೋ ಅಂದಿದ್ದು."

ಅವಳು ತಿರುಗಿ ನಡೆದಳು. ಟಕ್ ಟಕ್ ಟಕ್... ಹಿಂದಿನಿಂದ ಅವನ ದನಿ ಕೇಳಿತು.

"ಹಿಂದೆ... ಹಿಂದೆ..."

ತೊದಲುತ್ತಿತ್ತು. ನೀರಿನಡಿಯಿಂದ ಬಂದ ಹಾಗೆ.

"ಹಿಂ..."

ನಿಂತೇಹೋಯಿತು.

ಎನಿಡ್ ನನಗೆ ಆಮೇಲೆ ಹೇಳಿದ್ದು ಇಷ್ಟೇ: "ಯಾಕೆ ತಿರುಗಿದೆ ಅಂತ ಕೇಳಬೇಡ. ಆ ಮೌನ ತಡೆಯೋಕೆ ಆಗಲಿಲ್ಲ." ಅವಳು ಓಡಿ ಬಂದು ಕಟ್ಟೆಯ ಮೇಲೆ ಅವನ ಪಕ್ಕದಲ್ಲೇ ಕೂತಳು. ಕಲ್ಲು ಸುಡುವಷ್ಟು ತಣ್ಣಗಿತ್ತು. ಕ್ಲೆಮ್ ತಲೆ ಎತ್ತಿದ.

"ಹಿಂದೆ ಎಲ್ಲ ಸರಿ, ಸ್ಕಿಪ್ಪರ್. ತಪ್ಪಾಯ್ತು. ಒಂದು ಗಳಿಗೆ ಜೋಂಪು."

ಅವಳು ಕೂತೇ ಇದ್ದಳು. ನಂಬಿ ಕೂತಳು ಅಂದುಕೊಳ್ಳಬೇಡಿ. ಅವನನ್ನು ಕದ್ದು ಕದ್ದು ನೋಡುತ್ತ, ಇವನು ನಾಟಕ ಆಡುತ್ತಿದ್ದಾನೆ, ನನ್ನನ್ನು ಹೋಗದ ಹಾಗೆ ಹಿಡಿದಿಡುತ್ತಿದ್ದಾನೆ ಅಂತ ಒಳಗೊಳಗೇ ಕುದಿಯುತ್ತ ಕೂತಳು. ಆದರೂ ಏಳಲಿಲ್ಲ.

ಸ್ವಲ್ಪ ಹೊತ್ತಿಗೆ ಅವನು ಎದ್ದ. ಧಪ್... ಧಪ್... ಬಾವಿ ಸುತ್ತಿ ಆ ಕಡೆಯ ಕಟ್ಟೆಗೆ ಹೋಗಿ, ಈಗ ಕಡಲಿಗೆ ಮುಖ ಮಾಡಿ, ಊರಿಗೆ ಬೆನ್ನು ಹಾಕಿ ಕೂತ.

"ಯಾಕೆ ಜಾಗ ಬದಲಾಯಿಸಿದೆ?"

"ಮನೆ ಕಡೆ ತಿರುಗಿದ್ವಲ್ಲ."

ಎನಿಡ್ ಎದ್ದು ಅವನ ಪಕ್ಕಕ್ಕೆ ಹೋದಳೋ ಇಲ್ಲವೋ, ಕ್ಲೆಮ್ ಬಾಣ ಬಿಟ್ಟ ಹಾಗೆ ಎದ್ದು ನಿಂತ. ಬಲಗೈ ಚಾಚಿ ಕತ್ತಲಿಗೆ ತೋರಿಸಿ, ಗಂಟಲು ಹರಿಯುವ ಹಾಗೆ ಕೂಗಿದ.

"ಎಡಕ್ಕೆ! ಎಡಕ್ಕೆ ಧುಮುಕು ಸ್ಕಿಪ್ಪರ್! ಈಗ!"

ನಮ್ಮ ನಾಯಿ ಬೊಗಳಲಿಲ್ಲ. ಮನೆಯಲ್ಲಿ ಯಾರಿಗೂ ಎಚ್ಚರವಾಗಲಿಲ್ಲ. ಆ ಕೂಗು ಎನಿಡ್‌ಗೆ ಮಾತ್ರ ಕೇಳಿತು. ಅವಳಿಗೆ ಅಳು ಬಂತು. ಬಲಗೈ ತೋರಿಸಿ ಎಡ ಅನ್ನುತ್ತಾನೆ, ಎಡ ಬಲ ಮರೆತು ಹೋಗಿದೆ ನನ್ನ ಹುಡುಗನಿಗೆ, ಇನ್ನು ಇವನು ಸರಿಯಾಗುವುದಿಲ್ಲ ಅಂದುಕೊಂಡು ಅವನ ಕೋಟಿನ ತೋಳು ಹಿಡಿಯಲು ಹೋದಳು. ಅವನು ಕೈ ಸರಿಸಿಕೊಂಡ.

"ಮುಟ್ಟಬೇಡ. ಕೈಗೆ ಅಂಟ್ಕೊಂಡುಬಿಡುತ್ತೆ."

ಆಮೇಲೆ ಕೂತ. ಆಗಾಗ ಅದೇ ಮಾತು. ಹಿಂದೆ ಎಲ್ಲ ಸರಿ, ಸ್ಕಿಪ್ಪರ್. ಹಿಂದೆ ಎಲ್ಲ ಸರಿ.

ಬಹಳ ಹೊತ್ತಿನ ಮೇಲೆ ಕಡಲ ಕಡೆಯಿಂದ ಗುಂಯ್ ಅಂತ ಶುರುವಾಯಿತು. ಒಂದೊಂದೇ ವಿಮಾನ ಬಂದು ಇಳಿಯಿತು. ಒಂದರ ಇಂಜಿನ್ನು ಕೆಮ್ಮುತ್ತಿತ್ತು, ಖೊರ್... ಖೊರ್... ಅದು ಎಲ್ಮ್ ಮರದ ಎಲೆ ಉದುರಿಸಿಕೊಂಡು ತಲೆಯ ಮೇಲೇ ಹೋಯಿತು. ಚಕ್ರ ನೆಲಕ್ಕೆ ತಾಗಿ ಕಿರಿಚಿತು. ಕ್ಲೆಮ್ ಉಸಿರು ಬಿಟ್ಟ ಹಾಗೆ ಭುಜ ಇಳಿಸಿದ. ಅವನ ಸುತ್ತ ಅಷ್ಟು ಚಳಿಯಿದ್ದರೂ ಬಾಯಿಂದ ಹಬೆ ಮಾತ್ರ ಬರಲಿಲ್ಲ.

"ಇಳಿದ್ರು," ಅಂದ. "ನಡಿ."

ಇಬ್ಬರೂ ಓಣಿಯಲ್ಲಿ ನಡೆದರು. ಅವಳದು ಟಕ್ ಟಕ್. ಅವನದು ಧಪ್... ಧಪ್... ಎನಿಡ್‌ಗೆ ಪಕ್ಕಕ್ಕೆ ತಿರುಗಿ ನೋಡಲು ಧೈರ್ಯವಾಗಲಿಲ್ಲ. ನಾಳೆ ಇವನನ್ನು ಎಲ್ಲಿ ಬಚ್ಚಿಡುವುದು ಅಂತ ಯೋಚಿಸುತ್ತಿದ್ದಳಂತೆ, ಪಾಪ. ಬ್ಯಾರಕ್ಕಿನ ಬಾಗಿಲಿಗೆ ಬಂದಾಗ ಧಪ್ ಧಪ್ ನಿಂತಿತು. ಅವಳು ತಿರುಗಿದಳು. ಓಣಿ ಖಾಲಿ.

ಅವಳು ಮಲಗಲಿಲ್ಲ. ಹ್ಯಾಡ್ಲಿ ಬಂದಾಗ ಬಿಸಿಲು ಏರಿತ್ತು. ಗಡ್ಡ ಕೂಡ ತೆಗೆದಿರಲಿಲ್ಲ. ಬ್ಯಾರಕ್ಕಿನ ಮೆಟ್ಟಿಲ ಮುಂದೆ ನಿಂತು ಅವಳನ್ನು ಮೇಲಿಂದ ಕೆಳಗೆ ನೋಡಿದ. ಪೊಲೀಸು ಕಳ್ಳನನ್ನು ನೋಡುವ ನೋಟ.

"ಹೊರಡೋ ಮುಂಚೆ ಕ್ಲೆಮ್‌ನ ಭೇಟಿ ಮಾಡಿದ್ಯಾ?"

"ಇಲ್ಲ ಸಾರ್. ನೀವು ಹೇಳಿದ ಹಾಗೇ..."

"ಸುಳ್ಳು ಹೇಳಬೇಡ. ಏನು ಮಾತಾಡಿಕೊಂಡಿದ್ರಿ ನೀವಿಬ್ರು?"

ಎನಿಡ್‌ಗೆ ಸಾಕಾಗಿತ್ತು. "ಅವನು ಬಂದಿಲ್ಲ ಅಂತ ಇಳಿದ ಮೇಲೆ ಗೊತ್ತಾಯ್ತಾ?" ಅಂದಳು. "ಬೈಯಬೇಡಿ ಸಾರ್ ಅವನಿಗೆ. ತಲೆ ಸರಿಯಿಲ್ಲ. ರಾತ್ರಿಯೆಲ್ಲ ಬಾವಿಕಟ್ಟೆ ಮೇಲೆ ಕೂತಿದ್ದ. ಪಕ್ಕದಲ್ಲೇ ಇದ್ದೆ ನಾನು."

"ಯಾರು ಕೂತಿದ್ದಿದ್ದು?"

"ಕ್ಲೆಮ್."

ಹ್ಯಾಡ್ಲಿ ಮೆಟ್ಟಿಲ ಮೇಲೆ ಕೂತುಬಿಟ್ಟ.

"ಕ್ಲೆಮ್ ವಿಮಾನದಲ್ಲಿದ್ದ," ಅಂದ. "ನಾವೇ ಇಳಿಸಿದ್ವಿ ಅವನನ್ನ. ಅಷ್ಟು ಎತ್ತರದ ಚಳಿಗೆ ಆಕ್ಸಿಜನ್ ಕೊಳವೆಯಲ್ಲಿ ಮಂಜು ಕಟ್ಟಿತ್ತು. ಮೈಯೆಲ್ಲ ಮರದ ಕೊರಡು. ಹೋಗುವಾಗಲೇ, ಕಡಲು ದಾಟೋ ಮುಂಚೆನೇ ಪ್ರಾಣ ಹೋಗಿದೆ ಅಂತ ಡಾಕ್ಟರು ಅಂತಾರೆ. ಆ ಡಾಕ್ಟರಿಗೆ ಬುದ್ಧಿಯಿಲ್ಲ. ಉದ್ದಕ್ಕೂ ನಾನು ಕರೆದಾಗಲೆಲ್ಲ ಓಗೊಟ್ಟಿದಾನೆ. ಆರೂ ಜನ ಕೇಳಿಸ್ಕೊಂಡಿದೀವಿ. ಒಂದು ಸಲ ಮಾತ್ರ ಮಾತು ನಿಂತೋಯ್ತು. ನಮ್ಮ ತಂಡದ ಟೆಡ್‌ನ ಕಳಿಸಿ ನೋಡಿಸಬೇಕು ಅನ್ನೋಷ್ಟರಲ್ಲಿ..."

"ತಪ್ಪಾಯ್ತು, ಒಂದು ಗಳಿಗೆ ಜೋಂಪು ಅಂದ," ಅಂದಳು ಎನಿಡ್.

ಹ್ಯಾಡ್ಲಿಯ ಕೈಯಲ್ಲಿದ್ದ ಸಿಗರೇಟು ಕೆಳಗೆ ಬಿತ್ತು. ಎತ್ತಿಕೊಳ್ಳಲಿಲ್ಲ.

"ಯಾರು ಹೇಳಿದ್ರು ನಿಂಗೆ? ಟೆಡ್ಡಾ?"

"ಎಡಕ್ಕೆ ಅಂತ ಕೂಗಿದ ಸಾರ್. ಎಡಕ್ಕೆ ಧುಮುಕು ಅಂತ. ಆದ್ರೆ ಕೈ ಬಲಗಡೆ ತೋರಿಸ್ತಿತ್ತು. ತಲೆ ಕೆಟ್ಟಿದೆ ಅಂತ ನನಗೆ ಅದಕ್ಕೇ ಅನಿಸಿದ್ದು."

ಹ್ಯಾಡ್ಲಿಯ ಮುಖದ ಅನುಮಾನ ಕರಗಿ ಅಲ್ಲಿ ಬೇರೇನೋ ಬಂತು, ಅದನ್ನು ನೋಡುವುದಕ್ಕಿಂತ ಅನುಮಾನವೇ ವಾಸಿಯಿತ್ತು ಅನ್ನುತ್ತಿದ್ದಳು ಎನಿಡ್.

"ತಲೆ ಕೆಟ್ಟಿರಲಿಲ್ಲ," ಅಂದ ಕೊನೆಗೆ. "ಹಿಂದಿನವನು ಬಾಲದ ಕಡೆ ಮುಖ ಮಾಡಿ ಕೂತಿರ್ತಾನೆ. ವಿಮಾನದ ಎಡ ಅಂದ್ರೆ ಅವನ ಬಲಗೈ ಕಡೆ. ಹೊಸಬರು ಅದನ್ನೇ ತಪ್ಪೋದು. ತಮ್ಮ ಎಡಗೈ ನೋಡ್ಕೊಂಡು ಎಡ ಅಂತಾರೆ, ವಿಮಾನ ತಪ್ಪು ಕಡೆ ತಿರುಗಿ ಗುರಿಗೆ ಸಿಕ್ಕಿಬಿಡುತ್ತೆ. ಬೇಟೆಯವನು ಬಂದ ಕಡೆಗೇ ಧುಮುಕಿದ್ರೆ ಮಾತ್ರ ಅವನ ಗುರಿ ತಪ್ಪೋದು. ಕ್ಲೆಮ್ ಒಂದು ಸಲಾನೂ ತಪ್ಪಿದವನಲ್ಲ... ಬೇಟೆಯವನು ಅವನ ಬಲಗೈ ಕಡೆಯಿಂದಲೇ ಬಂದ. ಕ್ಲೆಮ್ ಕೂಗದೇ ಇದ್ದಿದ್ರೆ ನಾನು ಇಲ್ಲಿ ಕೂತಿರ್ತಿರಲಿಲ್ಲ."

ಎನಿಡ್ ಬಾಗಿಲ ಚೌಕಟ್ಟು ಹಿಡಿದುಕೊಂಡಳು. "ಮತ್ತೆ ನೀವು ನನ್ನ ಹುಡುಕಿಕೊಂಡು ಬಂದಿದ್ದು ಯಾಕೆ ಸಾರ್?"

"ಇಳಿದು ಇಂಜಿನ್ ನಿಲ್ಲಿಸಿದೆ. ಅಭ್ಯಾಸ ನೋಡು, ಇನ್ನೊಂದು ಸಲ ಕೇಳಿದೆ, ಹಿಂದೆ? ಅಂತ. ಇಷ್ಟು ದಿನ ಹೇಳ್ತಿದ್ದ ಮಾತು ಹೇಳಲಿಲ್ಲ ಅವನು." ಹ್ಯಾಡ್ಲಿ ಮುಖ ಒರೆಸಿಕೊಂಡ. "'ಅವಳನ್ನ ಬಾಗಿಲ ತನಕ ಬಿಟ್ಟು ಬರ್ತೀನಿ, ಸ್ಕಿಪ್ಪರ್' ಅಂದ. ಆರೂ ಜನ ಕೇಳಿಸ್ಕೊಂಡ್ವಿ. ಅವಳು ಅಂದ್ರೆ ಯಾರು ಅಂತ ಯಾರೂ ಕೇಳಲಿಲ್ಲ."

ಎನಿಡ್ ಆಗ ಅತ್ತಳು. ಹ್ಯಾಡ್ಲಿಯೂ ಅತ್ತ. ಆಮೇಲೆ ಆ ಅಡುಗೆಮನೆಯಲ್ಲಿ ಅವಳ ಕೈಯಿಂದ ತಟ್ಟೆ ಇಸಿದುಕೊಳ್ಳಲು ಯಾರೂ ಹಿಂಜರಿಯಲಿಲ್ಲ. ಆದರೆ ಅವಳು ಯಾರ ಜೊತೆಗೂ ಕುಣಿಯಲಿಲ್ಲ, ಕೊನೆಯ ತನಕ ಮದುವೆಯೂ ಆಗಲಿಲ್ಲ. ಜನ ತಪ್ಪು ತಿದ್ದಿಕೊಳ್ಳುವ ಹೊತ್ತಿಗೆ ಯಾವಾಗಲೂ ಹೀಗೇ ತಡವಾಗಿರುತ್ತದೆ, ನನಗೆ ಅದೇ ಸಿಟ್ಟು.

ನಗುತ್ತಿದ್ದೀರಿ ನೀವು. ನಗಿ. ದುಃಖದಲ್ಲಿ ಹುಡುಗಿ ಏನೋ ಕಂಡಳು, ಹ್ಯಾಡ್ಲಿಗೆ ನಿದ್ದೆಗೆಟ್ಟಿತ್ತು, ಅಂತ ನಮ್ಮ ಪಾದ್ರಿಯೂ ಅಂದರು. ಆದರೆ ಹ್ಯಾಡ್ಲಿ ಬರುವ ಮುಂಚೆ, ಕ್ಲೆಮ್ ಸತ್ತ ಸುದ್ದಿ ಊರಿಗೆ ಗೊತ್ತಾಗುವ ಮುಂಚೆ, ಕರುಗಳಿಗೆ ನೀರು ಸೇದಲು ಆ ಬಾವಿಗೆ ಹೋದವಳು ನಾನು. ಹಗ್ಗ ಹಿಡಿದಿದ್ದ ಕೈ ಇದೇ. ಬಕೆಟ್ ಬಿಟ್ಟೆ. ದುಬುಕ್ ಅನ್ನಬೇಕು ತಾನೇ?

ಠಣ್ ಅಂತು.

ಆಗಸ್ಟ್ ತಿಂಗಳು, ಮೈಯೆಲ್ಲ ಬೆವರು. ಬಗ್ಗಿ ನೋಡಿದೆ. ಮಂಜುಗಡ್ಡೆ, ಅಂಚಿನಿಂದ ಅಂಚಿಗೆ. ಬಕೆಟ್ಟಿನೊಳಗೆ ಕಲ್ಲು ಹಾಕಿ ಮತ್ತೆ ಮತ್ತೆ ಎತ್ತಿ ಕುಕ್ಕಿದ ಮೇಲೆ ಒಡೆಯಿತು. ಯಾಕಿಷ್ಟು ತಡ ಅಂತ ಅಪ್ಪ ಬೈದ. ಕರುಗಳು ಆ ನೀರು ಕುಡಿದವು.